ಸ್ವಾಮಿಯ ಮನೆಯಲ್ಲಿ ಒಂದು ವಸ್ತಿ

ಕೊಯಮತ್ತೂರಿನಿಂದ ಮಂಗಳೂರಿಗೆ ಹೊರಟ ರೈಲು ಪೋತನೂರು ದಾಟಿದ ಸ್ವಲ್ಪ ಹೊತ್ತಿಗೇ ಮದುಕ್ಕರೈ ಬರುತ್ತದೆ. ಸಣ್ಣ ಸ್ಟೇಷನ್ನು. ಊರಿಗೆ 1934ರಷ್ಟು ಹಳೆಯ ಸಿಮೆಂಟ್ ಕಾರ್ಖಾನೆಯಿದೆ, ಧರ್ಮಲಿಂಗೇಶ್ವರನ ಬೆಟ್ಟವಿದೆ, ಅದರಾಚೆ ಆನೆಗಳು ಓಡಾಡುವ ಕಾಡಿದೆ. ಹಳಿ ದಾಟಲು ಬರುವ ಆನೆಯನ್ನು ಕ್ಯಾಮೆರಾದಲ್ಲಿ ಗುರುತಿಸಿ ರೈಲಿನವರಿಗೆ ಮೊದಲೇ ತಿಳಿಸುವ ವ್ಯವಸ್ಥೆ 2024ರಲ್ಲಿ ಶುರುವಾದದ್ದು ಇಲ್ಲೇ. ಪುಟ್ಟ ಸ್ಟೇಷನ್ನು, ಬೆನ್ನಿಗೆ ಬೆಟ್ಟ, ಬೆಟ್ಟದಲ್ಲಿ ಕಾಡುಪ್ರಾಣಿ. ಆರ್. ಕೆ. ನಾರಾಯಣರನ್ನು ಓದಿದವರಿಗೆ ಅವರ ಕಲ್ಪನೆಯ ಊರು ಮಾಲ್ಗುಡಿ ನೆನಪಾಗಲು ಇಷ್ಟು ಸಾಕು. 1930ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಮನೆಯಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬರೆಯಲು ಕೂತಾಗ ಮಾಲ್ಗುಡಿ ತನ್ನ ಸಣ್ಣ ರೈಲ್ವೆ ಸ್ಟೇಷನ್ ಸಮೇತ ಕಣ್ಣಮುಂದೆ ಬಂತೆಂದು ನಾರಾಯಣರು ಆತ್ಮಕಥೆಯಲ್ಲಿ ಹೇಳಿದ್ದಾರೆ.

ಮಾಲ್ಗುಡಿ ನಮ್ಮದು ಎನ್ನಲು ಕೊಯಮತ್ತೂರಿನವರಿಗೆ ಕಾರಣಗಳೂ ಇವೆ. ಕೃಷಿ ವಿಶ್ವವಿದ್ಯಾಲಯದ ಬದಿಯಲ್ಲಿ ಇಂದಿಗೂ ಲಾಲಿ ರಸ್ತೆ ಇದೆ. ಮದರಾಸಿನ ಗವರ್ನರ್ ಆಗಿದ್ದ ಆರ್ಥರ್ ಲಾಲಿಯ ಹೆಸರು ಅದು. ಮಾಲ್ಗುಡಿಯಲ್ಲಿ ಲಾಲಿ ಎಕ್ಸ್‌ಟೆನ್ಷನ್ ಇದೆ, ಲಾಲಿಯ ಪ್ರತಿಮೆ ಕಿತ್ತುಹಾಕಲು ಹೋಗಿ ಪುರಸಭೆ ಪೇಚಿಗೆ ಬೀಳುವ ಕಥೆಯೂ ಇದೆ. ಅದಕ್ಕಿಂತ ದೊಡ್ಡ ಕಾರಣ ರಾಜಂ. 1933ರಲ್ಲಿ ಅಕ್ಕನ ಜೊತೆ ಕೊಯಮತ್ತೂರಿಗೆ ಬಂದಿದ್ದ ನಾರಾಯಣರು ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹುಡುಗಿಯನ್ನು ನೋಡಿ ಮನಸೋತರು. ಜಾತಕ ಕೂಡಲಿಲ್ಲ, ಆದರೂ ಮರುವರ್ಷ ಮದುವೆಯಾಯಿತು. 1939ರಲ್ಲಿ ವಿಷಮಶೀತ ಜ್ವರ ರಾಜಂ ಅವರನ್ನು ಕೊಂಡೊಯ್ದಿತು. ಆ ದುಃಖದಿಂದ ಹುಟ್ಟಿದ ‘ದಿ ಇಂಗ್ಲಿಷ್ ಟೀಚರ್’ ಓದಿದ ಮೇಲೆ ಕೊಯಮತ್ತೂರಿನ ಬೀದಿ ನಲ್ಲಿಗಳ ಮುಂದೆ ನಾನು ಸುಮ್ಮನೆ ಹಾದುಹೋಗಲಾರೆ.

ಊರನ್ನು ಹುಡುಕುವುದು ಒಂದು, ಅಲ್ಲಿ ರಾತ್ರಿ ಉಳಿಯುವುದು ಇನ್ನೊಂದು. ದೊಡ್ಡ ನಗರಗಳಲ್ಲಿ ಸಾಹಿತ್ಯದ ಹೆಸರಿನ ಹೋಟೆಲುಗಳಿವೆ. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿರುವ ಲೈಬ್ರರಿ ಹೋಟೆಲಿನಲ್ಲಿ ಅರವತ್ತು ಕೋಣೆಗಳು. ಗ್ರಂಥಾಲಯದವರು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಂತೆ ಒಂದೊಂದು ಮಹಡಿಗೆ ಒಂದೊಂದು ವಿಷಯ, ಕೋಣೆ ಕೋಣೆಯಲ್ಲೂ ಆ ವಿಷಯದ ಪುಸ್ತಕಗಳು. ಬ್ಯಾಂಕಾಕಿನ ಓರಿಯಂಟಲ್ ಹೋಟೆಲಿನ ಸೂಟುಗಳಿಗೆ ಮಾಮ್, ಕಾನ್ರಾಡ್ ಮುಂತಾದವರ ಹೆಸರು. ಪುಸ್ತಕ ಪ್ರೀತಿಸುವವರಿಗೆ ಅಲ್ಲಿ ಖುಷಿಯಾಗದೆ ಇರದು. ಆದರೆ ಅಲ್ಲಿ ಪುಸ್ತಕವನ್ನು ಹೊರಗಿನಿಂದ ತಂದು ಕೋಣೆಯಲ್ಲಿಟ್ಟಿದ್ದಾರೆ. ಕಥೆಯೊಳಗಿನ ಮನೆಯಲ್ಲೇ ಮಲಗಬೇಕೆಂದರೆ ಎಲ್ಲಿಗೆ ಹೋಗುವುದು? ಮೈಸೂರಿನ ಯಾದವಗಿರಿಯಲ್ಲಿ ನಾರಾಯಣರು ತಾವೇ ಕಟ್ಟಿಸಿದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ನೋಡಿ ಬರಬಹುದು, ಉಳಿಯುವಂತಿಲ್ಲ. ಉಳಿಯಲು ಆಗುಂಬೆಯ ದೊಡ್ಡಮನೆಗೇ ಹೋಗಬೇಕು.

ಮಂಗಳೂರಿನಲ್ಲಿ ರೈಲಿಳಿದು ಉಡುಪಿ, ಹೆಬ್ರಿ, ಸೋಮೇಶ್ವರ. ಅಲ್ಲಿಂದ ಘಾಟಿಯ ಹದಿನಾಲ್ಕು ತಿರುವು. ಪ್ರತಿ ತಿರುವಿಗೂ ಗಾಳಿ ತಣ್ಣಗಾಗುತ್ತದೆ, ಮಂಜು ಕಿಟಕಿಯ ಗಾಜಿಗೆ ಒತ್ತಿ ನಿಲ್ಲುತ್ತದೆ. ಮೇಲೆ ತಲುಪಿದಾಗ ಕಾಣುವುದು ಒಂದೇ ಬೀದಿ, ಹೆಂಚಿನ ಮಾಡು, ಪಾಚಿ ಕಟ್ಟಿದ ಗೋಡೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದಿತ್ತು. ಕೊಯಮತ್ತೂರಿನಲ್ಲಿ ಇಡೀ ವರ್ಷ ಬೀಳುವುದು ಆಗುಂಬೆಯ ಮಳೆಯ ಹತ್ತರಲ್ಲೊಂದು ಪಾಲಿನಷ್ಟು. ಆ ಒಣನೆಲದಿಂದ ಬಂದವರಿಗೆ ಇಲ್ಲಿ ಮೊದಲ ಗಂಟೆ ಮಾತೇ ಹೊರಡುವುದಿಲ್ಲ.

1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ್ದು ಈ ಬೀದಿಯಲ್ಲಿ. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿಗೆ ಊರನ್ನೇ ಮಾಲ್ಗುಡಿ ಮಾಡಿಬಿಟ್ಟರು. ಕುದುರೆಯೇರಿದ ಬ್ರಿಟಿಷ್ ಅಧಿಕಾರಿಯ ಪ್ರತಿಮೆಯನ್ನೂ ನಿಲ್ಲಿಸಿದರು. ಮಾಸ್ಟರ್ ಮಂಜುನಾಥ್ ನಾರಾಯಣರ ಕಥೆಗಳ ಹುಡುಗ ಸ್ವಾಮಿಯಾದ, ಗಿರೀಶ ಕಾರ್ನಾಡರು ಅಪ್ಪನಾದರು, ವೈಶಾಲಿ ಕಾಸರವಳ್ಳಿ ಅಮ್ಮನಾದರು. ಇವರೆಲ್ಲರ ಸಂಸಾರ ನಡೆದದ್ದು ದೊಡ್ಡಮನೆಯಲ್ಲಿ. 1986ರಲ್ಲಿ ಧಾರಾವಾಹಿ ದೂರದರ್ಶನದಲ್ಲಿ ಬರತೊಡಗಿದಾಗ, ಟಿ.ವಿ. ಇದ್ದ ಮನೆಯ ಹಾಲಿನಲ್ಲಿ ನೆಲದ ಮೇಲೆ ಸಾಲಾಗಿ ಕೂತು ನೋಡಿದ ಮಕ್ಕಳಿಗೆ ಆ ಜಗಲಿ ಸ್ವಂತದ್ದೇ ಆಗಿಹೋಯಿತು.

ಆ ಜಗಲಿ ಹತ್ತಿದೆ. “ಬನ್ನಿ, ಒಳಗೆ ಬನ್ನಿ, ಪೂರಾ ನೆಂದಿದೀರಿ” ಎಂದರು ಮನೆಯವರು. ಹೆಸರು, ಊರು ಕೇಳುವ ಮೊದಲೇ ಕೈಗೆ ಬಿಸಿ ಕಷಾಯದ ಲೋಟ ಬಂತು. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು. ಗಂಟಲಲ್ಲಿ ಇಳಿಯುತ್ತಿದ್ದಂತೆ ಘಾಟಿಯ ಚಳಿ ಬಿಟ್ಟಿತು.

ಒಳಗೆ ದಪ್ಪ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ. ನಾಲ್ಕೂ ಕಡೆಯ ಮಾಡಿನಿಂದ ನೀರು ಅಂಗಳಕ್ಕೆ ಬೀಳುತ್ತದೆ. ಜಡಿ ಹಿಡಿದಾಗ ಆಚೆ ಬದಿಯ ಕಂಬಗಳೇ ಮಸುಕಾಗುತ್ತವೆ. ಆ ಬದಿಯಲ್ಲಿ ಕೂತವರೊಡನೆ ಗಟ್ಟಿಯಾಗಿ ಕೂಗಿ ಮಾತಾಡಬೇಕು. ಕಂಬಗಳು ಕೈ ತಾಗಿ ತಾಗಿ ನುಣುಪಾಗಿವೆ. ಶತಮಾನ ದಾಟಿದ ಮನೆ. ಎಷ್ಟು ತಲೆಮಾರಿನ ಮಕ್ಕಳು ಇವುಗಳ ಸುತ್ತ ಕಣ್ಣಾಮುಚ್ಚಾಲೆ ಆಡಿರಬೇಕು! ಧಾರಾವಾಹಿಯ ಹೆಸರು ಗೋಡೆ ತುಂಬ ಬರೆದು ಮೆರೆಸುವ ಮನೆಯಲ್ಲ ಇದು. ಬಳಕೆಯ ಮನೆ. ಒದ್ದೆ ಬಟ್ಟೆ ಹಗ್ಗದ ಮೇಲಿದೆ, ಅಡುಗೆಮನೆಯಿಂದ ಹೊಗೆ ಬರುತ್ತಿದೆ, ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದಾರೆ.

‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಅಜ್ಜಿಗೆ ಮನೆಯಲ್ಲಿ ಸ್ವಂತದ ಕೋಣೆಯಿಲ್ಲ. ಮುಂದಿನ ಹಜಾರಕ್ಕೂ ಊಟದ ಮನೆಗೂ ನಡುವಿನ ಕತ್ತಲೆ ಓಣಿಯಲ್ಲಿ ಅವಳ ಹಾಸಿಗೆ, ಅವಳ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತಾಮ್ರದ ಕಾಸು, ಏಲಕ್ಕಿ, ಲವಂಗ, ಅಡಿಕೆ. ರಾತ್ರಿ ಊಟವಾದ ಮೇಲೆ ಸ್ವಾಮಿ ಅವಳ ಪಕ್ಕ ಬಂದು ಮಲಗುತ್ತಾನೆ. ಓದುವಾಗ ಆ ಓಣಿಯ ಕತ್ತಲೆ ನನಗೆ ಬಡತನದ ಕತ್ತಲೆಯಂತೆ ಕಂಡಿತ್ತು. ಹಳೆಯ ಮನೆಯೊಂದರೊಳಗೆ ನಿಂತಾಗ ಅದು ಬೇರೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಇಂಥ ಮನೆಗಳಲ್ಲಿ ಬೆಚ್ಚಗಿನ ಜಾಗವೆಂದರೆ ಎರಡು ಕೋಣೆಗಳ ನಡುವಿನ ಆ ಇಕ್ಕಟ್ಟೇ. ಒಲೆಯ ಕಾವು ಅಲ್ಲಿಗೆ ಬರುತ್ತದೆ, ಎರಚಲು ಬರುವುದಿಲ್ಲ. ಒಳಗೆ ಹೊರಗೆ ಓಡಾಡುವ ಎಲ್ಲರೂ ಅಜ್ಜಿಯನ್ನು ದಾಟಿಯೇ ಹೋಗಬೇಕು. ಮನೆಯ ಒಂದು ಸುದ್ದಿಯೂ ಅವಳಿಗೆ ತಪ್ಪುವುದಿಲ್ಲ. ಪುಸ್ತಕವನ್ನು ಹೀಗೆ ತಿದ್ದಿ ಓದಿಸುವ ಶಕ್ತಿ ಇರುವುದು ಇಂಥ ವಸತಿಗೆ ಮಾತ್ರ, ಅದಕ್ಕೇ ಇದು ನನಗೆ ದೊಡ್ಡದು.

ಊಟ ನೆಲದ ಮೇಲೆ ಕೂತು. ಅನ್ನ, ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ. ಪಕ್ಕದ ಸಾಲಿನಲ್ಲಿ ಕಪ್ಪೆ ಹುಡುಕಿ ಬಂದ ಮೂವರು ವಿದ್ಯಾರ್ಥಿಗಳಿದ್ದರು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು 2005ರಲ್ಲಿ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ತೆರೆದ ಮೇಲೆ ಇಂಥವರ ಓಡಾಟ ಊರಿಗೆ ಹೊಸತಲ್ಲ. ಆ ಹುಡುಗರು ಹುಟ್ಟುವ ಹೊತ್ತಿಗೆ ಶಂಕರ್ ನಾಗ್ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೂಡಿಸಿದ ಆ ರಾಗ ಮೊಬೈಲಿನಲ್ಲಿ ಕೇಳಿಸಿದ್ದೇ ತಡ, ಮೂವರೂ ಒಟ್ಟಿಗೆ ಗುನುಗಿದರು.

ರಾತ್ರಿ ಕರೆಂಟು ಹೋಯಿತು. ಹೆಂಚಿನ ಮೇಲೆ ಮಳೆ ಒಂದೇ ಸಮ. ನಾರಾಯಣರ ‘ಎ ಹೀರೋ’ ಕಥೆಯಲ್ಲಿ ಅಪ್ಪನ ಸವಾಲಿಗೆ ಸಿಕ್ಕ ಸ್ವಾಮಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಬೇಕಾಗುತ್ತದೆ. ಹೆದರಿ ಬೆಂಚಿನ ಕೆಳಗೆ ಸೇರಿಕೊಂಡವನು ಕತ್ತಲಲ್ಲಿ ಬಂದದ್ದು ದೆವ್ವವೆಂದುಕೊಂಡು ಕಾಲಿಗೆ ಹಲ್ಲು ನಾಟುತ್ತಾನೆ, ಸಿಕ್ಕಿಬಿದ್ದವನು ಕಳ್ಳ. ಮರುದಿನ ಇಡೀ ಊರಿಗೆ ಶೂರನಾದ ಹುಡುಗ ರಾತ್ರಿಯಾಗುತ್ತಲೇ ಮತ್ತೆ ಅಜ್ಜಿಯ ಪಕ್ಕ ಹೋಗಿ ಮಲಗಿಬಿಡುತ್ತಾನೆ. ದೊಡ್ಡಮನೆಯ ಕತ್ತಲಲ್ಲಿ ಮಲಗಿ, ತೊಲೆ ಒಮ್ಮೆ ಕಿರುಗುಟ್ಟಿದಾಗ, ಆ ಹುಡುಗನ ಎದೆಬಡಿತ ಎಷ್ಟಿತ್ತೆಂದು ನನಗೆ ತಿಳಿಯಿತು.

ಬೆಳಗ್ಗೆ ಹೊರಡುವಾಗ ಲೆಕ್ಕ ಕೇಳಿದೆ. ಈ ಮನೆಯಲ್ಲಿ ಊಟಕ್ಕಾಗಲಿ ವಸತಿಗಾಗಲಿ ಇಷ್ಟೇ ಎಂದು ದರ ಗೊತ್ತುಮಾಡಿಲ್ಲ. ಬಂದವರು ತಮಗೆ ತೋಚಿದ್ದು ಕೊಡುವುದು ವಾಡಿಕೆ. ನಾನು ಕೊಟ್ಟದ್ದನ್ನು ಎಣಿಸಲೂ ಇಲ್ಲ. ಅರಸಾಳಿನ ಹಳೆಯ ರೈಲ್ವೆ ಸ್ಟೇಷನ್ನಿಗೆ ಹೋಗುವುದಿತ್ತು. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿ ಕಂಡ ಆ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ.

“ಮಧ್ಯಾಹ್ನಕ್ಕೂ ಒಂದು ಬಸ್ಸಿದೆ. ಈ ಮಳೇಲಿ ಹೋಗೋದಾ? ಅನ್ನಕ್ಕೆ ನೀರಿಟ್ಟಾಗಿದೆ, ಉಂಡ್ಕೊಂಡೇ ಹೋಗಿ.”

ಚೀಲ ಇಳಿಸಿದೆ.