ಕ್ಯಾಪ್ಸೂಲ್ ಒಳಗಿನ ಹುಳಿ

ಹೃದಯಬಡಿತ ಏರುಪೇರಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿಗಳಲ್ಲಿ ಡಾಬಿಗಟ್ರಾನ್ ಒಂದು. ನುಂಗಿದ ಕೆಲವರಿಗೆ ಹೊಟ್ಟೆಯುರಿ, ಹುಳಿತೇಗು.

ಕಾರಣ ಬಹುಶಃ ಕ್ಯಾಪ್ಸೂಲಿನೊಳಗೇ ಇದೆ: ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಯೂ ಅದೇ! ಹುಳಿಯಿಲ್ಲದೆ ಈ ಮದ್ದು ಮೈಗೆ ಸರಿಯಾಗಿ ಹತ್ತದು. 2009ರ ರೀ-ಲೈ ಅಧ್ಯಯನದಲ್ಲಿ ಇದನ್ನು ತೆಗೆದುಕೊಂಡ ನೂರರಲ್ಲಿ ಸುಮಾರು 11 ಮಂದಿಗೆ ಅಜೀರ್ಣ ಕಾಡಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇನ್ನೊಂದು ಔಷಧಿ ವಾರ್ಫರಿನ್ ಪಡೆದ ಗುಂಪಿನಲ್ಲಿ ಸುಮಾರು 6.

ಊಟದ ಜೊತೆ, ಲೋಟ ತುಂಬ ನೀರಿನೊಂದಿಗೆ ನುಂಗಿದರೆ ಹಲವರಿಗೆ ಉರಿ ತಗ್ಗುತ್ತದೆ. ನುಂಗಿದೊಡನೆ ಮಲಗಬಾರದು. ಕ್ಯಾಪ್ಸೂಲ್ ಬಿಚ್ಚಿ ಮಜ್ಜಿಗೆಗೆ ಬೆರೆಸುವ ಜಾಣತನವಂತೂ ಬೇಡವೇ ಬೇಡ: ರಕ್ತಕ್ಕೆ ಸೇರುವ ಮದ್ದು ವಿಪರೀತ ಏರಿ ರಕ್ತಸ್ರಾವವಾದೀತು.

ಮದ್ದನ್ನು ತಾವಾಗಿಯೇ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ. ಬದಲಿ ಔಷಧಿಗಳಿವೆ, ವೈದ್ಯರನ್ನೇ ಕೇಳಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.