ಗುಂಯ್, ಟಕ್ ಟಕ್, ಕರಕರ: ಹಳೆಯ ಕಾರಿನ ಚಕ್ರ ಏನು ಹೇಳುತ್ತೆ?

ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇದೆ. ಪಟಪಟ, ಗಳಗಳ, ದಬದಬ, ಸರಸರ, ಹೀಗೆ ಸದ್ದನ್ನು ಅನುಕರಿಸುವ ಪದಗಳು. ಇವು ಕಥೆ ಬರೆಯೋದಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. ಕಾರ್ ರಿಪೇರಿಗೂ ಬರುತ್ತವೆ. ಹೇಗೆ ಅಂತ ಈ ಲೇಖನದಲ್ಲಿ ಹೇಳುತ್ತೇನೆ.

ನಮ್ಮ ಮನೆಯಲ್ಲಿರುವುದು 2008ರ ಕಾರು. 1,38,000 ಮೈಲಿ ಓಡಿದೆ. ಅಮ್ಮ ಅದರಲ್ಲೇ ಆಸ್ಪತ್ರೆಯ ನೈಟ್ ಶಿಫ್ಟ್‌ಗೆ ಹೋಗುತ್ತಾರೆ. ಒಂದು ಕಡೆಗೆ 27 ಮೈಲಿ, ಹೆಚ್ಚಿನದು ಹೈವೇ. ನನಗೆ ಲೈಸೆನ್ಸ್ ಬಂದ ಮೇಲೆ ಅದೇ ಕಾರು ನನಗೆ. ಈ ಸಲ ಚಳಿಗಾಲ ಮುಗಿಯುವಾಗ ಚಕ್ರದ ಕಡೆಯಿಂದ ಒಂದು ಸದ್ದು ಶುರುವಾಯಿತು. ವೇಗ 35 ಮೈಲಿ ದಾಟಿದರೆ ಕೇಳಿಸುತ್ತೆ, 55ಕ್ಕೆ ಜೋರಾಗುತ್ತೆ, ನಿಧಾನ ಮಾಡಿದರೆ ಇಲ್ಲ. ಒಂದು ಅಂಗಡಿಯಲ್ಲಿ ಕಾರನ್ನು ಓಡಿಸಿ ನೋಡದೆಯೇ, "ನಾಲ್ಕೂ ಟೈರ್ ಬದಲಾಯಿಸಿ, 640 ಡಾಲರ್" ಅಂದರು.

ಟೈರಿನದ್ದೇ ತೊಂದರೆಯಾಗಿದ್ದರೆ ಸರಿ. ಆದರೆ ಬೇರಿಂಗ್ ಆಗಿದ್ದರೆ? ದುಡ್ಡೂ ಹೋಯಿತು, ಸದ್ದೂ ಉಳಿಯಿತು, ಅಮ್ಮ ಅರ್ಧರಾತ್ರಿ ಕೆಟ್ಟ ಚಕ್ರದ ಮೇಲೆ ಹೈವೇಯಲ್ಲಿ. ಹಾಗಾಗಿ ಆ ವಾರ ಅಮ್ಮ ಜೊತೆಯಲ್ಲಿ ಕೆಲಸ ಮಾಡುವವರ ಕಾರಿನಲ್ಲಿ ಹೋದರು. ಅಪ್ಪ ಡ್ರೈವ್ ಮಾಡಿದರು, ನಾನು ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿದೆ, ನೋಟ್‌ಬುಕ್ಕಲ್ಲಿ ಬರೆದುಕೊಂಡೆ.

ಮೊದಲ ಪ್ರಶ್ನೆ: ಇಂಜಿನ್ನಾ, ಚಕ್ರಾನಾ?

ಕಾರಿನಲ್ಲಿ ತಿರುಗುವ ಭಾಗಗಳನ್ನು ಎರಡು ಗುಂಪು ಮಾಡಬಹುದು. ಒಂದು ಗುಂಪು ಇಂಜಿನ್ ಜೊತೆ ತಿರುಗುತ್ತೆ. ಇನ್ನೊಂದು ಚಕ್ರದ ಜೊತೆ ತಿರುಗುತ್ತೆ. ಸದ್ದು ಯಾವ ಗುಂಪಿನದು ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾರನ್ನು ನಿಲ್ಲಿಸಿ, ಗೇರ್ ಪಾರ್ಕ್‌ನಲ್ಲಿಟ್ಟು, ಎಕ್ಸಿಲರೇಟರ್ ಸ್ವಲ್ಪ ಒತ್ತಿ. ಕಾರು ನಿಂತಿರುವಾಗಲೇ ಅದೇ ಸದ್ದು ಬಂದರೆ ಅದು ಚಕ್ರದ್ದಲ್ಲ. ಬರದಿದ್ದರೆ ರಸ್ತೆಗೆ ಹೋಗಿ. ಒಂದೇ ವೇಗದಲ್ಲಿ, ಅಂದರೆ 45 ಮೈಲಿಯಲ್ಲಿ ಹೋಗುತ್ತಾ, ಗೇರ್ ಒಂದು ಇಳಿಸಿದರೆ ಇಂಜಿನ್ ಜೋರಾಗಿ ತಿರುಗುತ್ತೆ. ಆದರೆ ಚಕ್ರ ಮೊದಲಿನಷ್ಟೇ ತಿರುಗುತ್ತೆ. ಸದ್ದು ಬದಲಾಗಲಿಲ್ಲ ಅಂದರೆ ಚಕ್ರದ ಕಡೆಯೇ ನೋಡಬೇಕು. ನಮ್ಮ ಕಾರಿನಲ್ಲಿ ಬದಲಾಗಲಿಲ್ಲ.

ಸದ್ದಿಗೆ ಸರಿಯಾದ ಹೆಸರಿಡಿ

"ಏನೋ ಸೌಂಡ್ ಬರ್ತಿದೆ" ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. ಇಲ್ಲಿ ಕನ್ನಡ ಪದಗಳು ಕೆಲಸಕ್ಕೆ ಬರುತ್ತವೆ.

ಟಿಕ್ ಟಿಕ್: ಟೈರಿನ ಸಂದಿಯಲ್ಲಿ ಸಣ್ಣ ಕಲ್ಲು ಅಥವಾ ಮೊಳೆ ಸಿಕ್ಕಿಕೊಂಡಿರಬಹುದು. ವೇಗ ಹೆಚ್ಚಿದ ಹಾಗೆ ಟಿಕ್ ಟಿಕ್ ಕೂಡ ಬೇಗ ಬೇಗ ಆಗುತ್ತೆ. ಮೊಳೆ ಇದ್ದರೆ ನೀವೇ ಕೀಳಬೇಡಿ, ಗಾಳಿ ಹೋಗಿಬಿಡುತ್ತೆ.

ಟಕ್ ಟಕ್ ಟಕ್: ಪಾರ್ಕಿಂಗ್ ಲಾಟಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋದಾಗ ಮಾತ್ರ ಬಂದರೆ ಸಿವಿ ಜಾಯಿಂಟ್ ಸವೆದಿರಬಹುದು. ಇಂಜಿನ್ನಿನ ಶಕ್ತಿಯನ್ನು ತಿರುಗುವ ಮುಂದಿನ ಚಕ್ರಕ್ಕೆ ಮುಟ್ಟಿಸುವ ಕೀಲು ಅದು.

ಕೀಂಯ್: ತೆಳ್ಳಗಿನ ಚೂಪು ಸದ್ದು. ಬ್ರೇಕ್ ಒತ್ತಿದಾಗ ನಿಂತರೆ ಅಥವಾ ಬದಲಾದರೆ ಬ್ರೇಕ್ ಪ್ಯಾಡ್ ನೋಡಿಸಿ. ತುಂಬಾ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಬೇಕಂತಲೇ ಕೂಗುತ್ತೆ.

ಕರಕರ: ಬ್ರೇಕ್ ಡಿಸ್ಕ್ ಹಿಂದಿನ ತಗಡು ಬಗ್ಗಿ ತಾಗುತ್ತಿರಬಹುದು, ಅಥವಾ ನಡುವೆ ಕಲ್ಲು ಸಿಕ್ಕಿರಬಹುದು.

ದಬ ದಬ: ಟೈರ್ ಒಂದು ಕಡೆ ಉಬ್ಬಿರಬಹುದು ಅಥವಾ ಚಪ್ಪಟೆಯಾಗಿರಬಹುದು. ಈಗ ತಾನೆ ಟೈರ್ ಬದಲಾಯಿಸಿದ್ದರೆ ಚಕ್ರದ ನಟ್‌ಗಳು ಸಡಿಲ ಇರಬಹುದು. ಆಗ ಕೂಡಲೇ ಪಕ್ಕಕ್ಕೆ ನಿಲ್ಲಿಸಬೇಕು.

ಗುಂಯ್: ವಿಮಾನ ದೂರದಲ್ಲಿ ಹೋದ ಹಾಗೆ ಎಳೆದ ಸದ್ದು. ಇದೇ ಕಷ್ಟದ್ದು. ಯಾಕೆಂದರೆ ಅಂಕುಡೊಂಕಾಗಿ ಸವೆದ ಟೈರೂ ಹೀಗೇ ಕೂಗುತ್ತೆ, ಕೆಟ್ಟ ಬೇರಿಂಗೂ ಹೀಗೇ ಕೂಗುತ್ತೆ. ನಮ್ಮದು ಇದೇ.

ಸ್ವಲ್ಪ ಲೆಕ್ಕ

ಬೇರಿಂಗ್ ಟಕ್ ಟಕ್ ಅನ್ನದೆ ಗುಂಯ್ ಅನ್ನೋದು ಯಾಕೆ? ಟೈರಿನ ಪಕ್ಕದಲ್ಲಿ ಬರೆದ ಅಂಕೆಗಳನ್ನು ನೋಡಿ. ನಮ್ಮದು 195/65 ಆರ್ 15. ಟೈರಿನ ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅದರ 65 ಪರ್ಸೆಂಟ್, ಒಳಗಿನ ರಿಮ್ 15 ಇಂಚು. ಲೆಕ್ಕ ಹಾಕಿದರೆ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. ಗಂಟೆಗೆ 10 ಮೈಲಿ ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡು ಸಲ ತಿರುಗುತ್ತೆ. 60 ಮೈಲಿಯಲ್ಲಿ ಸುಮಾರು 13 ಸಲ. ಆದ್ದರಿಂದ ಟೈರಿನಲ್ಲಿ ಒಂದು ಕಲ್ಲಿದ್ದರೆ ನಿಧಾನವಾಗಿ ಹೋಗುವಾಗ ಅದರ ಟಿಕ್ ಟಿಕ್ ಎಣಿಸಬಹುದು.

ಬೇರಿಂಗ್ ಒಳಗೆ ಎರಡು ಉಕ್ಕಿನ ಬಳೆಗಳ ನಡುವೆ ಗೋಲಿಗಳು ಅಥವಾ ಉರುಳೆಗಳು ಸಾಲಾಗಿ ಇರುತ್ತವೆ. ಒಂದು ಸಾಲಿನಲ್ಲಿ 12 ಇವೆ ಅಂದುಕೊಳ್ಳಿ. ಹೊರಗಿನ ಬಳೆಯಲ್ಲಿ ಒಂದು ಸಣ್ಣ ಗುಳಿ ಬಿದ್ದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 5 ಗೋಲಿಗಳು ಆ ಗುಳಿಯ ಮೇಲೆ ಹಾದು ಹೋಗುತ್ತವೆ. 60 ಮೈಲಿ ವೇಗದಲ್ಲಿ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಪೆಟ್ಟು! ಸೆಕೆಂಡಿಗೆ ಸುಮಾರು 20 ಪೆಟ್ಟು ದಾಟಿದರೆ ನಮ್ಮ ಕಿವಿಗೆ ಬೇರೆ ಬೇರೆ ಕೇಳಿಸಲ್ಲ, ಒಂದೇ ಸ್ವರದ ಹಾಗೆ ಕೇಳಿಸುತ್ತೆ. ಅದೇ ಗುಂಯ್. ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತೆ.

ಗುಳಿ ಬೀಳೋದು ಯಾಕೆ? ರಸ್ತೆಯ ಹೊಂಡಕ್ಕೆ ಚಕ್ರ ಬಲವಾಗಿ ಬಿದ್ದರೆ ಬೀಳಬಹುದು. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನ ನೀರು ಹಳೆಯ ಸೀಲ್ ದಾಟಿ ಒಳಗೆ ಹೋದರೆ ತುಕ್ಕು ಹಿಡಿಯುತ್ತೆ, ಗ್ರೀಸ್ ಹಾಳಾಗುತ್ತೆ. ಊರಿನಲ್ಲಿ ಅಜ್ಜನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು, "ನಮ್ಮ ಎತ್ತಿನ ಗಾಡಿಗೂ ಅಷ್ಟೇ ಕಣೋ, ಕೀಲೆಣ್ಣೆ ಒಣಗಿದ್ರೆ ಗಾಡಿ ಕಿರ್ರ್ ಅಂತ ಕರೀತಿತ್ತು" ಅಂದರು. ಒಂದೇ ವ್ಯತ್ಯಾಸ. ಗಾಡಿಯ ಅಚ್ಚಿಗೆ ಎಣ್ಣೆ ಹಾಕಿದರೆ ಸರಿಹೋಗುತ್ತೆ. ಈಗಿನ ಕಾರುಗಳ ಬೇರಿಂಗ್ ಸಾಮಾನ್ಯವಾಗಿ ಮುಚ್ಚಿರುತ್ತೆ, ಕೆಟ್ಟರೆ ಬದಲಾಯಿಸಲೇಬೇಕು.

ಟೈರಾ, ಬೇರಿಂಗಾ?

ಒಂದು, ರಸ್ತೆ ಬದಲಾಯಿಸಿ ನೋಡಿ. ಹಳೆಯ ಕಾಂಕ್ರೀಟ್ ರಸ್ತೆಯಿಂದ ಹೊಸ ಟಾರ್ ರಸ್ತೆಗೆ ಹೋದಾಗ ಟೈರಿನ ಸದ್ದು ಚೆನ್ನಾಗಿ ಬದಲಾಗುತ್ತೆ. ಬೇರಿಂಗ್‌ಗೆ ರಸ್ತೆ ಯಾವುದಾದರೂ ಒಂದೇ. ನಮ್ಮ ಸದ್ದು ಎರಡೂ ರಸ್ತೆಯಲ್ಲಿ ಹಾಗೇ ಇತ್ತು.

ಎರಡು, ಟೈರನ್ನು ಕೈಯಿಂದ ಮುಟ್ಟಿ ನೋಡಿ. ಕಾರು ನಿಂತು ಟೈರ್ ತಣ್ಣಗಾದ ಮೇಲೆ ಅಂಗೈಯನ್ನು ಟೈರಿನ ಮೇಲೆ ಹಿಂದಕ್ಕೆ ಮುಂದಕ್ಕೆ ಸವರಿ. ತಂತಿ ಎದ್ದಿದ್ದರೆ ಚುಚ್ಚುತ್ತೆ, ಮೊದಲು ಕಣ್ಣಿನಿಂದ ನೋಡಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗಿದ್ದರೆ, ಅಥವಾ ಅಲೆ ಅಲೆಯಾಗಿ ತಗ್ಗು ದಿಣ್ಣೆ ಸಿಕ್ಕಿದರೆ ಟೈರೇ ಕೂಗುತ್ತಿರಬಹುದು. ಅಲೈನ್‌ಮೆಂಟ್ ತಪ್ಪಿದ್ದರೆ ಅಥವಾ ಶಾಕ್ ಅಬ್ಸಾರ್ಬರ್ ಸವೆದಿದ್ದರೆ ಹೀಗಾಗುತ್ತೆ. ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ. ಸದ್ದೂ ಜಾಗ ಬದಲಾಯಿಸಿದರೆ ಕಳ್ಳ ಟೈರೇ. ನಮ್ಮ ಟೈರುಗಳು ನಾಲ್ಕೂ ಸಮವಾಗಿಯೇ ಸವೆದಿದ್ದವು.

ಮೂರು, ತಿರುವಿನಲ್ಲಿ ಕೇಳಿ. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸಲ್ಲಿ ನಿಂತುಕೊಂಡು ಹೋಗಿದ್ದೀರಾ? ಬಸ್ಸು ಬಲಕ್ಕೆ ತಿರುಗಿದರೆ ನಾವೆಲ್ಲಾ ಎಡಕ್ಕೆ ವಾಲುತ್ತೇವೆ. ಕಾರಿನ ಭಾರವೂ ಹಾಗೇ ಎಡ ಚಕ್ರಗಳ ಮೇಲೆ ಬೀಳುತ್ತೆ. ಕೆಟ್ಟ ಬೇರಿಂಗ್ ಮೇಲೆ ಭಾರ ಬಿದ್ದರೆ ಸಾಮಾನ್ಯವಾಗಿ ಸದ್ದು ಜೋರಾಗುತ್ತೆ. ಅಂದರೆ ಬಲಕ್ಕೆ ತಿರುಗುವಾಗ ಜೋರಾದರೆ ಎಡದ ಬೇರಿಂಗ್ ಮೇಲೆ, ಎಡಕ್ಕೆ ತಿರುಗುವಾಗ ಜೋರಾದರೆ ಬಲದ ಬೇರಿಂಗ್ ಮೇಲೆ ಅನುಮಾನ. ಇದಕ್ಕಾಗಿ ಸ್ಟೀರಿಂಗ್ ಎಳೆದಾಡಬೇಡಿ. ಇಲ್ಲಿ ಅಮೆರಿಕದಲ್ಲಿ ಹೈವೇಯಿಂದ ಇಳಿಯುವ ದುಂಡಗಿನ ರ‍್ಯಾಂಪ್‌ಗಳು ಇವೆಯಲ್ಲ, ಬರೆದಿರುವ ವೇಗದಲ್ಲೇ ಹೋದರೆ ಸಾಕು. ಬಲಕ್ಕೆ ಸುತ್ತುವ ರ‍್ಯಾಂಪಿನಲ್ಲಿ ನಮ್ಮ ಗುಂಯ್ ಜೋರಾಯಿತು. ಎಡಕ್ಕೆ ತಿರುಗುವ ರಸ್ತೆಯಲ್ಲಿ ಹೆಚ್ಚುಕಮ್ಮಿ ನಿಂತೇ ಹೋಯಿತು.

ಅಂದರೆ ಎಡಗಡೆ. ಆದರೆ ಮುಂದಿನದಾ, ಹಿಂದಿನದಾ? ಇದನ್ನು ಕಿವಿ ಹೇಳಲಾರದು. ಸದ್ದು ಕಾರಿನ ತಗಡಿನ ಮೂಲಕ ಎಲ್ಲೆಲ್ಲೋ ಓಡಾಡುತ್ತೆ.

ಕೊನೆಯ ಪರೀಕ್ಷೆ ದೊಡ್ಡವರದು

ಇದನ್ನು ಮಕ್ಕಳು ಒಬ್ಬರೇ ಮಾಡಲೇಬಾರದು. ಸಮತಟ್ಟಾದ ಜಾಗ ಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಡಬೇಕು. ಜ್ಯಾಕ್ ಒಂದನ್ನೇ ನಂಬಬಾರದು, ಜ್ಯಾಕ್ ಸ್ಟ್ಯಾಂಡ್ ಇಡಲೇಬೇಕು. ಕಾರಿನ ಕೆಳಗೆ ಯಾರೂ ಹೋಗಬಾರದು.

ಚಕ್ರ ಮೇಲೆದ್ದ ಮೇಲೆ, ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಎರಡು ಕೈಯಿಂದ ಹಿಡಿದು ಅಲ್ಲಾಡಿಸಬೇಕು. ಕಟಕಟ ಅಂತ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲ. ಮುಂದಿನ ಚಕ್ರದಲ್ಲಿ 3 ಮತ್ತು 9ರಲ್ಲಿ ಮಾತ್ರ ಅಲ್ಲಾಡಿದರೆ ಸ್ಟೀರಿಂಗ್‌ನ ಟೈ ರಾಡ್ ಕೂಡ ಇರಬಹುದು. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯ ಬೆರಳನ್ನು ಸ್ಪ್ರಿಂಗ್ ಮೇಲೆ ಮೆಲ್ಲಗೆ ಇಟ್ಟರೆ ಒಳಗಿನ ಒರಟುತನ ಬೆರಳಿಗೆ ಗೊತ್ತಾಗುತ್ತೆ.

ಅಪ್ಪ ಎಡ ಮುಂದಿನ ಚಕ್ರ ತಿರುಗಿಸಿದಾಗ ಸ್ಪ್ರಿಂಗ್ ಸುಮ್ಮನಿತ್ತು. ಎಡ ಹಿಂದಿನದನ್ನು ತಿರುಗಿಸಿದಾಗ ಬೀಸುಕಲ್ಲಿನಲ್ಲಿ ರಾಗಿ ಬೀಸಿದ ಹಾಗೆ ಗರಗರ ಅಂತ ಬೆರಳಿಗೆ ತಾಗಿತು. ಚಕ್ರ ಇನ್ನೂ ಅಲ್ಲಾಡುತ್ತಿರಲಿಲ್ಲ. ಅಂದರೆ ಸರಿಯಾದ ಸಮಯಕ್ಕೆ ಸಿಕ್ಕಿತ್ತು. ಬೇರೆ ಗ್ಯಾರೇಜಿನ ಮೆಕ್ಯಾನಿಕ್ ಕೂಡ ಪರೀಕ್ಷೆ ಮಾಡಿ ಅದೇ ಅಂದರು. ಆ ಚಕ್ರದ ಬೇರಿಂಗ್ ಮತ್ತು ಹಬ್ ಒಂದೇ ಸೆಟ್ ಆಗಿ ಬರುತ್ತೆ. ಬದಲಾಯಿಸಲು 260 ಡಾಲರ್ ಆಯಿತು. ಟೈರ್ ಹಳೆಯವೇ ಇವೆ. ಅಮ್ಮ ಈಗ ಅದೇ ಕಾರಿನಲ್ಲಿ ಶಿಫ್ಟ್‌ಗೆ ಹೋಗುತ್ತಾರೆ, ಗುಂಯ್ ಇಲ್ಲ.

ಯಾವಾಗ ಓಡಿಸಲೇಬಾರದು?

ಗುಂಯ್ ಹೋಗಿ ಗರಗರ ಅಂತ ಅರೆಯುವ ಸದ್ದು ಬಂದರೆ, ಸ್ಟೀರಿಂಗ್ ನಡುಗಿದರೆ, ಚಕ್ರ ಅಲ್ಲಾಡಿದರೆ, ಒಂದೇ ಚಕ್ರದ ನಡುಭಾಗ ಬೇರೆಯವುಗಳಿಗಿಂತ ತುಂಬಾ ಬಿಸಿಯಾಗಿದ್ದರೆ ಕಾರನ್ನು ನಿಲ್ಲಿಸಿ, ಟೋ ಮಾಡಿಸಿ. ಸದ್ದಿನ ಜೊತೆ ಎಬಿಎಸ್ ದೀಪ ಹತ್ತಿದರೂ ಬೇಗ ತೋರಿಸಿ. ತುಂಬಾ ಕಾರುಗಳಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್ ಬೇರಿಂಗ್ ಪಕ್ಕದಲ್ಲೇ ಇರುತ್ತೆ. ಪೂರ್ತಿ ಕೆಟ್ಟ ಬೇರಿಂಗ್ ಒಂದು ದಿನ ಚಕ್ರವನ್ನೇ ಬಿಟ್ಟುಬಿಡಬಹುದು. ರೇಡಿಯೋ ಜೋರು ಮಾಡಿದರೆ ಸದ್ದು ಕೇಳಿಸಲ್ಲ ಅಷ್ಟೇ, ತೊಂದರೆ ಹೋಗಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಕಾರು ಇದ್ದರೆ, ಗ್ಯಾರೇಜಿಗೆ ಹೋಗುವ ಮೊದಲು ಈ ಐದು ವಿಷಯ ಬರೆದಿಟ್ಟುಕೊಳ್ಳಿ:

1. ಸದ್ದು ಯಾವ ಥರದ್ದು?
2. ಎಷ್ಟು ವೇಗದಲ್ಲಿ ಶುರುವಾಗುತ್ತೆ?
3. ಬ್ರೇಕ್ ಒತ್ತಿದರೆ ಬದಲಾಗುತ್ತಾ?
4. ಎಡಕ್ಕೆ, ಬಲಕ್ಕೆ ತಿರುಗಿದರೆ ಬದಲಾಗುತ್ತಾ?
5. ರಸ್ತೆ ಬದಲಾದರೆ ಬದಲಾಗುತ್ತಾ?

ಡ್ರೈವ್ ಮಾಡುವವರ ಕಣ್ಣು ರಸ್ತೆಯ ಮೇಲೆ ಇರಬೇಕು. ಪಕ್ಕದಲ್ಲಿ ಕೂತ ನಾವು ಇಯರ್‌ಫೋನ್ ತೆಗೆದು ಈ ಐದಕ್ಕೂ ಉತ್ತರ ಹುಡುಕಬಹುದು.