ಮಾಸಿದ ಸೀರೆಯಲ್ಲಿ ದೂರದ ಬೆಟ್ಟ

ಮುಳ್ಳಯ್ಯನಗಿರಿಗೆ ಹೋಗಿ ಬಂದ ಎಲ್ಲರ ಫೋನಲ್ಲೂ ಒಂದೇ ಥರದ ಫೋಟೋ ಇರುತ್ತೆ. 1930 ಮೀಟರ್ ಎತ್ತರದಲ್ಲಿ ನಿಂತರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು. ಆ ನೋಟವನ್ನು ಬಣ್ಣ, ಬ್ರಷ್ ಇಲ್ಲದೆ ಬರೀ ಕಾಗದ ಮತ್ತು ಹಳೇ ಬಟ್ಟೆಯಲ್ಲಿ ಮಾಡೋದು ಹೇಗೆ ಅನ್ನೋದೇ ಈ ಲೇಖನ. ಡ್ರಾಯಿಂಗ್ ಬರಲ್ಲ ಅನ್ನೋರೂ ಓದಬಹುದು. ಇಲ್ಲಿ ಗೆರೆ ಎಳೆಯೋ ಕೆಲಸವೇ ಇಲ್ಲ.

ಮೊದಲು ಸ್ವಲ್ಪ ಫಿಸಿಕ್ಸ್. ದೂರದ ಬೆಟ್ಟ ಯಾಕೆ ತಿಳಿ ನೀಲಿಯಾಗಿ ಕಾಣುತ್ತೆ? ಅಲ್ಲಿನ ಮರಗಳೂ ಹಸಿರೇ. ಆದರೆ ನಮಗೂ ಬೆಟ್ಟಕ್ಕೂ ಮಧ್ಯೆ ಇರುವ ಗಾಳಿ ಬಿಸಿಲನ್ನು ಚದುರಿಸಿ ನಮ್ಮ ಕಣ್ಣಿನ ಕಡೆಗೂ ಕಳಿಸುತ್ತೆ. ರ್‍ಯಾಲೆ ಚದುರಿಕೆಯಲ್ಲಿ ತರಂಗಾಂತರ ಕಡಿಮೆಯಾದಷ್ಟೂ ಚದುರುವಿಕೆ ಜಾಸ್ತಿ, ಅದೂ ನಾಲ್ಕನೇ ಘಾತದಲ್ಲಿ. 450 ನ್ಯಾನೋಮೀಟರ್‌ನ ನೀಲಿ, 650ರ ಕೆಂಪಿಗಿಂತ 4 ಪಟ್ಟಿಗೂ ಹೆಚ್ಚು ಚದುರುತ್ತದೆ. ಬೆಟ್ಟ ದೂರ ಹೋದಷ್ಟೂ ಮಧ್ಯೆ ಗಾಳಿ ಜಾಸ್ತಿ, ಹಾಗಾಗಿ ಕಡು ಬಣ್ಣ ತೆಳುವಾಗುತ್ತಾ ಹೋಗುತ್ತೆ. ನಮಗೆ ಬೇಕಾಗಿರೋದು ಇದೊಂದೇ ನಿಯಮ: ದೂರ ಅಂದರೆ ಮಾಸಿದ್ದು, ಹತ್ತಿರ ಅಂದರೆ ಗಾಢ.

ಕಾಗದದಲ್ಲಿ

ಜಪಾನಿನಲ್ಲಿ ಚಿಗಿರಿ-ಎ ಅಂತ ಒಂದು ಕಲೆ ಇದೆ. ಕಾಗದವನ್ನು ಕತ್ತರಿಸದೆ ಕೈಯಲ್ಲೇ ಹರಿದು ಅಂಟಿಸಿ ಚಿತ್ರ ಮಾಡೋದು. ಹೆಸರು ಕೇಳಿದರೆ ನಮ್ಮ ಚಿಗುರು ನೆನಪಾಗುತ್ತೆ, ಆದರೆ ಅಲ್ಲಿ ಆ ಪದಕ್ಕೆ 'ಹರಿದ ಚಿತ್ರ' ಅಂತ ಅರ್ಥ. ಅವರು ಬಳಸೋ ವಾಶಿ ಕಾಗದದಲ್ಲಿ ನಾರು ಉದ್ದ ಇರುವುದರಿಂದ ಹರಿದ ಅಂಚು ಮಂಜಿನ ಥರ ಮೃದುವಾಗಿರುತ್ತದೆ. ನಮಗೆ ಮ್ಯಾಗಜೀನ್ ಪುಟ, ಹಳೇ ಕ್ಯಾಲೆಂಡರ್ ಸಾಕು. ನ್ಯೂಸ್‌ಪೇಪರ್ ಬೇಡ, ಅದರಲ್ಲಿರುವ ಲಿಗ್ನಿನ್‌ನಿಂದ ಬೇಗ ಹಳದಿಯಾಗುತ್ತೆ.

ಮೆಷಿನ್‌ನಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಇರುತ್ತವೆ. ಆ ದಿಕ್ಕಲ್ಲಿ ಹರಿದರೆ ಅಂಚು ನೆಟ್ಟಗೆ ಬರುತ್ತೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಬೆಟ್ಟದ ಸಾಲಿಗೆ ಅಡ್ಡ, ಕೆರೆಯ ನೀರಿಗೆ ನೇರ. ಪ್ರಿಂಟ್ ಆದ ಕಾಗದ ಹರಿದಾಗ ಎರಡು ತುಂಡುಗಳಲ್ಲಿ ಒಂದರ ಅಂಚಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಎಳೆಯೋ ದಿಕ್ಕು ಬದಲಾಯಿಸಿದರೆ ಆ ಬಿಳಿ ಇನ್ನೊಂದು ತುಂಡಿಗೆ ಹೋಗುತ್ತೆ. ಬಿಳಿ ಇರೋ ತುಂಡನ್ನು ಬೆಟ್ಟ ಮಾಡಿದರೆ ನೆತ್ತಿಯ ಮೇಲೆ ಮಂಜು ಫ್ರೀ! ಅತಿ ದೂರದ ಸಾಲನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಅಂಟಿಸಿ. ಐದು ಪದರ ಸಾಕು. ಗೋಂದು ತೆಳ್ಳಗಿರಲಿ, ಒಣಗುವವರೆಗೂ ಮೇಲೆ ದಪ್ಪ ಟೆಕ್ಸ್ಟ್‌ಬುಕ್ ಇಡಿ. ಇಲ್ಲಾಂದ್ರೆ ಕಾಗದ ಸುರುಳಿಯಾಗುತ್ತೆ.

ಬಟ್ಟೆಯಲ್ಲಿ

ಕಾಗದಕ್ಕಿಂತ ಬಟ್ಟೆ ನನಗೆ ಇಷ್ಟ. ಕಾರಣ, ಹಳೇ ಹತ್ತಿ ಸೀರೆಯಲ್ಲಿ ಈ 'ದೂರ' ಮೊದಲೇ ತಯಾರಾಗಿರುತ್ತೆ. ಬಿಸಿಲಿಗೆ ಬಿದ್ದ ಸೆರಗು ತುಂಬಾ ಮಾಸಿರುತ್ತದೆ, ನೆರಿಗೆ ಅರ್ಧ ಮಾಸಿರುತ್ತದೆ, ಒಳಗೆ ಸಿಕ್ಕಿಸೋ ತುದಿಯಲ್ಲಿ ಮೂಲ ಬಣ್ಣ ಇನ್ನೂ ಉಳಿದಿರುತ್ತದೆ. ಒಂದೇ ಸೀರೆಯಲ್ಲಿ ಮೂರು ಬೆಟ್ಟ.

ನಮ್ಮನೇಲಿ ಅಜ್ಜಿ ಹೋದ ಮೇಲೆ ಅವರು ದಿನಾ ಉಡುತ್ತಿದ್ದ ಒಂದು ಹಸಿರು ಸೀರೆ ಉಳಿದಿತ್ತು. ಪಾತ್ರೆಯವರಿಗೆ ಹಾಕೋಕೆ ಯಾರಿಗೂ ಮನಸ್ಸಿಲ್ಲ, ಕತ್ತರಿ ಹಾಕೋಕೂ ಮನಸ್ಸಿಲ್ಲ. ಕಾಗದ ತಪ್ಪಾಗಿ ಹರಿದರೆ ಇನ್ನೊಂದು ಪುಟ ಸಿಗುತ್ತೆ, ಇದಕ್ಕೆ ಅನ್‌ಡೂ ಇಲ್ಲ. ಕೊನೆಗೆ ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದರು: ಅಜ್ಜಿ ಕೈಯಾರೆ ರಫು ಮಾಡಿದ್ದ ಜಾಗ ಚಿತ್ರದಲ್ಲಿ ಇರಲೇಬೇಕು. ಅದು ಈಗ ಹತ್ತಿರದ ಬೆಟ್ಟದ ಮೇಲಿನ ಕಾಲುದಾರಿ.

ಬಟ್ಟೆಯನ್ನು ಮೊದಲು ಒಗೆದು ಇಸ್ತ್ರಿ ಮಾಡಿ. ಅಂಚಿಗೆ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಒಳಗೆ ಮಡಚಿ, ಗಟ್ಟಿ ಬಟ್ಟೆಯ ಮೇಲೆ ದೂರದಿಂದ ಹತ್ತಿರಕ್ಕೆ ಜೋಡಿಸಿ. ಇನ್ನು ಹೊಲಿಗೆ. ಇದನ್ನು ನಮ್ಮ ಕೌದಿಯಿಂದ ಕಲಿಯಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಬಟ್ಟೆ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ 'ಫುಲ' ಅನ್ನೋ ಮಡಚಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅದು ಹೊದೆಯೋ ಬಟ್ಟೆ, ಬೆಟ್ಟದ ಚಿತ್ರವಲ್ಲ. ಆದರೆ ಆ ಸಾಲು ಸಾಲು ಹೊಲಿಗೆ ನೋಡಿದರೆ ಸರ್ವೇ ಲ್ಯಾಬ್ ಮಾಡಿದ ಸಿವಿಲ್‌ನವರಿಗೆ ಕಾಂಟೂರ್ ಮ್ಯಾಪ್ ನೆನಪಾಗದೆ ಇರಲ್ಲ.

ಅದೇ ತರ್ಕ ಇಲ್ಲೂ ನಡೆಯುತ್ತೆ. ಕಾಂಟೂರ್ ಗೆರೆಗಳು ಹತ್ತಿರ ಇದ್ದರೆ ಕಡಿದಾದ ಇಳಿಜಾರು, ದೂರ ಇದ್ದರೆ ಸಮತಟ್ಟು. ಬೆಟ್ಟದ ಅಂಚಿನ ಆಕಾರವನ್ನೇ ಅನುಸರಿಸಿ ಸಾದಾ ಓಡುಹೊಲಿಗೆ ಹಾಕಿ. ನೆತ್ತಿಯ ಹತ್ತಿರ ಸಾಲುಗಳನ್ನು ಒತ್ತೊತ್ತಾಗಿ, ಕೆಳಗೆ ಬಂದಂತೆ ಅಗಲವಾಗಿ. ದಾರ ಬಟ್ಟೆಯನ್ನು ಸ್ವಲ್ಪ ಎಳೆದು ಉಬ್ಬು ತಗ್ಗು ಮಾಡುತ್ತೆ, ಬೆಳಕು ಬಿದ್ದಾಗ ಅದೇ ನೆರಳು.

ನೀಲಿ ಸೀರೆ ಇಲ್ಲ ಅಂತ ಚಿಂತೆ ಬೇಡ. ಕಣ್ಣು ದೂರವನ್ನು ನಂಬೋದು ಬಣ್ಣದ ಹೆಸರಿಗಿಂತ ಹೆಚ್ಚಾಗಿ ಗಾಢ-ತಿಳಿ ವ್ಯತ್ಯಾಸದಿಂದ. ಅನುಮಾನ ಇದ್ದರೆ ತುಂಡುಗಳನ್ನು ಜೋಡಿಸಿ ಬ್ಲಾಕ್ ಅಂಡ್ ವೈಟ್ ಫೋಟೋ ತೆಗೆದು ನೋಡಿ. ಅದರಲ್ಲೂ ಸಾಲುಗಳು ಬೇರೆ ಬೇರೆಯಾಗಿ ಕಂಡರೆ ಹೊಲಿಯೋಕೆ ಶುರುಮಾಡಬಹುದು.

ಮುಗಿದ ಮೇಲೆ ಬಿಸಿಲು ಬೀಳೋ ಗೋಡೆಗೆ ಮಾತ್ರ ನೇತು ಹಾಕಬೇಡಿ. ಮಾಸೋ ಕೆಲಸ ಇನ್ನೂ ನಿಂತಿಲ್ಲ, ಹತ್ತಿರದ ಬೆಟ್ಟಾನೂ ನಿಧಾನಕ್ಕೆ ದೂರ ಹೋಗಿಬಿಡುತ್ತೆ.